ನಾಕಾದಲ್ಲಿ ಕರಗಿದ ಬಯಕೆ

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ತಪಾಸಣೆ ನಾಕಾದಲ್ಲಿ, ಮಾವಿನ ಮರದ ನೆರಳನ್ನೂ ಸರಕಾರಿ ಸ್ವತ್ತೆಂದು ತಿಳಿದು ಅದನ್ನು ಹಗಲೆಲ್ಲ ಕಾಯುತ್ತ ಕುಳಿತಿರುವ ಕಳ್ಳಸೆರೆ ಹಿಡಿಯುವ ದಾರೂಬಂದಿ ಸಾಹೇಬರ ಸನ್ನಿಧಿಗೆ, ಹಳಿಯಾಳ ಪೇಟೆಯಲ್ಲಿ ಖಾನಾವಳಿ ನಡೆಸುವ ಮಹಾದೇವಕ್ಕನ ಅನಂತ ಶರಣುಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ಒಂದೇ ಮಧ್ಯಾಹ್ನದಲ್ಲಿ ತಮ್ಮ ಹೊಟ್ಟೆಗಿಳಿದ ತಂಪು ಅಲ್ಲಿಯೇ ಸುಖವಾಗಿ ನೆಲೆಸಿದೆಯೆಂದೂ, ತಮ್ಮ ಗಂಟಲಿಗೆ ಯಾವ ಬಾಧೆಯೂ ಆಗಿಲ್ಲವೆಂದೂ ನಂಬಿದ್ದೇನೆ. ಏಕೆಂದರೆ ಆ ಗಂಟಲಿನಿಂದ ನಮಗೊಂದು ಕೆಲಸವಿದೆ, ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ಈ ಪತ್ರವನ್ನು ಲಕೋಟೆಗೆ ಹಾಕದೆ ಬಸ್ ಸ್ಟ್ಯಾಂಡಿನ ಗೋಡೆಗೆ ಹಚ್ಚಿಸಿದ್ದಕ್ಕೆ ಕ್ಷಮೆಯಿರಲಿ. ಮುಚ್ಚಿದ ವಸ್ತು ಯಾವುದನ್ನು ಕಂಡರೂ ತಾವು ಬಿಚ್ಚಿ, ಮೂಸಿ, ರುಚಿ ನೋಡದೆ ಬಿಡುವುದಿಲ್ಲವೆಂಬುದನ್ನು ಕಣ್ಣಾರೆ ಕಂಡ ಮೇಲೆ, ತಮಗೆ ಆ ಶ್ರಮವನ್ನಾದರೂ ಉಳಿಸಬೇಕೆನಿಸಿತು.

ಸಂಗತಿ ಹೀಗಿದೆ. ನನ್ನ ತಮ್ಮನ ಮಗಳು ತಾಯವ್ವ, ತಾಯಿಯಿಲ್ಲದ ಕೂಸು, ನನ್ನ ಒಲೆಯ ಮುಂದೆಯೇ ಬೆಳೆದವಳು. ಅವಳನ್ನು ದಾಂಡೇಲಿಯ ಕಟ್ಟಿಗೆ ಕೊಯ್ಯುವ ಗಿರಣಿಯೊಂದರಲ್ಲಿ ದುಡಿಯುವ ಹುಡುಗನಿಗೆ ಕೊಟ್ಟಿದ್ದೇವೆ. ಈಗ ಚೊಚ್ಚಲ ಬಸುರಿ. ಬಸುರಿಯ ಬಯಕೆಯೆಂದರೆ ಹುಣಸೆಕಾಯಿ, ಮಾವಿನಕಾಯಿ, ತೀರ ಹೆಚ್ಚೆಂದರೆ ಒಲೆಯ ಮಣ್ಣು ಎಂದು ತಿಳಿದಿದ್ದ ನನಗೆ ಈ ಹುಡುಗಿ ಹೊಸ ಪಾಠ ಹೇಳಿದಳು. ಮದುವೆಯಾದ ಹೊಸತರಲ್ಲಿ ಗಂಡನೊಡನೆ ಹುಬ್ಬಳ್ಳಿಗೆ ಹೋದಾಗ, ಹೊಟೇಲೊಂದರಲ್ಲಿ ಪಕ್ಕದ ಮೇಜಿನವರಿಗೆ ಎತ್ತರದ ಗಾಜಿನ ಗ್ಲಾಸಿನಲ್ಲಿ ಒಂದು ಪದಾರ್ಥ ಬಂತಂತೆ: ತಳದಲ್ಲಿ ಕೆಂಪು ಹಣ್ಣಿನ ರಸ, ಅದರ ಮೇಲೆ ಬುಸುಗುಡುವ ಸೋಡಾ, ಸೋಡಾದ ಮೇಲೆ ಮುಳುಗದೆ ತೇಲುವ ಐಸ್‌ಕ್ರೀಮಿನ ಬಿಳಿಯ ಉಂಡೆ. ಹೊಸ ಗಂಡನಿಗೆ ಹೇಳಲು ನಾಚಿ ಚಹಾ ಕುಡಿದು ಎದ್ದುಬಂದಿದ್ದಳು. ಈ ವೈಶಾಖದ ಉರಿಯಲ್ಲಿ ನಾನು ನೋಡಲು ಹೋದಾಗ ನನ್ನನ್ನು ಹಿತ್ತಲಿಗೆ ಕರೆದೊಯ್ದು, “ಅತ್ತಿ, ನನಗ ಆ ತೇಲೂ ಐಸ್‌ಕ್ರೀಮು ಬೇಕಾಗೇತಿ. ಕನಸಿನ್ಯಾಗೂ ಅದ ತೇಲತೈತಿ” ಎಂದಳು.

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆಂಬ ವಿಷಯ ಸರಕಾರದ ಗಮನಕ್ಕೆ ಬಂದಿರಲಿಕ್ಕಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಕಾಯದೆಯಿಲ್ಲ, ಮತ್ತು ಅದನ್ನು ಪಾಲಿಸುವ ಹೊಣೆ ತವರಿನವರದು. ಐಸ್‌ಕ್ರೀಮು ಮಾಡಲು ನನಗೆ ಬರುತ್ತಿರಲಿಲ್ಲ. ಆದರೂ ಧಾರವಾಡದ ಪರಿಚಯದವರಿಂದ ಐಸ್‌ಕ್ರೀಂ ಪಾಟನ್ನು ಕಡ ತಂದೆ: ಮರದ ಬಕೆಟ್ಟು, ಅದರೊಳಗೊಂದು ತಗಡಿನ ಡಬ್ಬಿ, ಡಬ್ಬಿಯನ್ನು ಗರಗರ ತಿರುಗಿಸಲು ಮೇಲೊಂದು ಹಿಡಿಕೆ. ಹುಬ್ಬಳ್ಳಿಯಿಂದ ಐಸಿನ ಗಡ್ಡೆಯನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ ಬಸ್ಸಿನ ಮೇಲೆ ಹೇರಿಸಿದರೆ, ಊರು ಮುಟ್ಟುವಷ್ಟರಲ್ಲಿ ಅರ್ಧ ಗಡ್ಡೆ ದಾರಿಯ ಧೂಳಿಗೆ ದಾನವಾಗಿತ್ತು. ಎಮ್ಮೆಯ ಹಾಲಿಗೆ ಸಕ್ಕರೆ ಹಾಕಿ ಗಟ್ಟಿಯಾಗುವಂತೆ ಕಾಯಿಸಿ, ಆರಿಸಿ ಡಬ್ಬಿಗೆ ಸುರಿದು, ಸುತ್ತಲೂ ಉಳಿದ ಐಸನ್ನು ಒಡೆದು ಹರಳುಪ್ಪಿನೊಡನೆ ತುಂಬಿದೆ. ಅಂದು ಖಾನಾವಳಿಗೆ ಬಂದವರೆಲ್ಲ ಮೊದಲು ಹಿಡಿಕೆ ತಿರುಗಿಸಿ, ಆಮೇಲೆ ತಾಟಿನ ಮುಂದೆ ಕೂಡಬೇಕೆಂದು ಅಪ್ಪಣೆ ಮಾಡಿದೆ. ಕೆಲವರು ಬಿಸಿರೊಟ್ಟಿಯ ಆಸೆಯಿಂದ ತಿರುಗಿಸಿದರು, ಕೆಲವರು ನನ್ನ ಮುಖ ನೋಡಿ ತಿರುಗಿಸಿದರು. ಅಂತೂ ಹಾಲು ಹೆಪ್ಪುಗಟ್ಟಿತು.

ಹಣ್ಣು ಕೊಟ್ಟವಳು ಜೋಯಿಡಾದ ಅಡವಿಯ ಹಣ್ಣನ್ನು ನಮ್ಮ ಸಂತೆಗೆ ತರುವ ಗೋದುಬಾಯಿ. ಕವಳಿಹಣ್ಣಿನ ಹಂಗಾಮು ಇನ್ನೂ ಬಂದಿಲ್ಲವೆಂದು, ಕೆಂಪಗೆ ಮಾಗಿದ ಗೇರುಹಣ್ಣನ್ನೇ ಬುಟ್ಟಿ ತುಂಬ ಕೊಟ್ಟಳು. ರಸವನ್ನು ಇಂದೇ ಹಿಂಡಿ ಇಂದೇ ಮುಗಿಸಬೇಕು, ನಾಳೆಯಾದರೆ ಅದು ಬೇರೆಯದೇ ಆಗುತ್ತದೆಂದು ಎಚ್ಚರಿಸಿಯೂ ಕೊಟ್ಟಳು. ನಮ್ಮ ಓಣಿಯಲ್ಲಿ ಗೋಲಿ ಸೋಡಾ ತುಂಬಿ ಮಾರುವ ಶೇಖಪ್ಪ, ತಾಯವ್ವನಿಗೆ ಕೊಡುವ ಸೋಡಾದ ಗೋಲಿಯನ್ನು ತಾನೇ ಒತ್ತಬೇಕೆಂದು ಹಟ ಹಿಡಿದು, ಅಂಗಡಿಗೆ ಬಾಗಿಲು ಹಾಕಿ ಶೀಸೆಗಳ ಬುಟ್ಟಿ ಹೊತ್ತು ನನ್ನೊಡನೆ ಬಸ್ಸು ಹತ್ತಿದ. ಹೀಗೆ ಒಂದೇ ಬಯಕೆಯನ್ನು ಮೂರು ಪಾಲು ಮಾಡಿ, ಬಕೆಟ್ಟು ಒಂದು ಕಡೆ, ರಸದ ತಂಬಿಗೆ ಒಂದು ಕಡೆ, ಶೀಸೆಗಳು ಒಂದು ಕಡೆ ಇಟ್ಟುಕೊಂಡು ನಾವು ತಮ್ಮ ನಾಕಾಕ್ಕೆ ಬಂದೆವು.

ಗೋವೆ ನಮ್ಮದಾದ ಮೇಲಿನ ಮೊದಲ ಬೇಸಿಗೆಯಿದು, ಅನಮೋಡದ ದಾರಿಯಿಂದ ಗೇರುಹಣ್ಣಿನ ಸೆರೆ ಹೊಳೆಯಂತೆ ಹರಿದುಬರುತ್ತಿದೆ ಎಂದು ತಮಗೆ ಮೇಲಿನವರು ಹೇಳಿದ್ದರಂತೆ. ಹಾಗಿರುವಾಗ ತಾವು ನನ್ನ ತಂಬಿಗೆಯ ಬಾಯಿ ಬಿಚ್ಚಿ ಮೂಸಿದೊಡನೆ ಬೆಚ್ಚಿಬಿದ್ದುದರಲ್ಲಿ ತಪ್ಪೇನಿಲ್ಲ. ಬಸ್ಸು ಗೋವೆಯ ಕಡೆಯಿಂದ ಬರುತ್ತಿಲ್ಲ, ಆ ಕಡೆಗೇ ಹೊರಟಿದೆ ಎಂದು ಶೇಖಪ್ಪ ವಿನಯದಿಂದ ತೋರಿಸಿಕೊಟ್ಟಾಗ, ಬಂದ ಮಾಲು ತಿರುಗಿ ಹೋಗುತ್ತಿದೆ ಎಂದು ತಾವು ಕ್ಷಣವೂ ತಡಮಾಡದೆ ಕಂಡುಹಿಡಿದಿರಿ. ಆ ಬುದ್ಧಿಗೆ ಬಸ್ಸಿನವರೆಲ್ಲ ಬೆರಗಾದರು. ಕಳ್ಳಸೆರೆಯನ್ನು ಬಕೆಟ್ಟಿನಲ್ಲಿ ಅಡಗಿಸಿದ್ದೇವೆಂದು ಊಹಿಸಿ, ನಾನು ಬೇಡವೆನ್ನುವಷ್ಟರಲ್ಲಿ, ಡಬ್ಬಿಯ ಸುತ್ತಲಿನ ಉಪ್ಪುನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದಿರಿ. ಆಗ ತಮ್ಮ ಮುಖದಲ್ಲಿ ಮೂಡಿದ ಭಾವವನ್ನು ವರ್ಣಿಸಲು ಏಳನೆಯ ಇಯತ್ತೆಗೆ ನಿಂತ ನನ್ನ ಮುಲ್ಕಿ ಪರೀಕ್ಷೆಯ ವಿದ್ಯೆ ಸಾಲದು.

ಬಳಿಕ ತಾವು ನ್ಯಾಯವಂತರಾಗಿ, ಇದು ನಿಜವಾಗಿಯೂ ಬಸುರಿಯ ಬಯಕೆಯ ಪದಾರ್ಥವಾದರೆ ಇಲ್ಲಿಯೇ ಮಾಡಿ ತೋರಿಸಬೇಕೆಂದು ಅಪ್ಪಣೆ ಕೊಡಿಸಿದಿರಿ. ತೋರಿಸದಿದ್ದರೆ ಮಾಲೂ ನಾವೂ ಹಳಿಯಾಳದ ಠಾಣೆಗೆ ಹಿಂದಿರುಗಬೇಕು. ತೋರಿಸಿದರೆ ಒಂದು ಗ್ಲಾಸಿನಷ್ಟೇ ನಷ್ಟವೆಂದು ನಾನು ಎಣಿಸಿದೆ. ಮಾವಿನ ಮರದ ಕೆಳಗೆ, ಇಡೀ ಬಸ್ಸು ಇಳಿದು ಸುತ್ತುವರಿದಿರಲು, ನಾಕಾದ ನೀರಿನ ಗ್ಲಾಸಿಗೆ ರಸ ಸುರಿದೆ. ಶೇಖಪ್ಪ ಗೋಲಿ ಒತ್ತಿದ. ನಾನು ಐಸ್‌ಕ್ರೀಮಿನ ಉಂಡೆಯನ್ನು ಮೆಲ್ಲಗೆ ಬಿಟ್ಟೆ. ಅದು ತೇಲಿತು. ನಿಜ ಹೇಳುತ್ತೇನೆ ಸಾಹೇಬರೇ, ಆ ಕ್ಷಣ ನನಗೆ ಕಣ್ಣೀರು ಬಂತು, ಏಕೆಂದರೆ ಅದು ತೇಲುತ್ತದೆಂಬ ಭರವಸೆ ನನಗಿರಲಿಲ್ಲ. ಮರುಕ್ಷಣದಲ್ಲಿ ನೊರೆ ಉಕ್ಕಿ ತಮ್ಮ ಬೂಟಿನ ಮೇಲೆ ಇಳಿಯಿತು. ಇಷ್ಟು ನೊರೆ ಬರುವುದು ಸೆರೆಗೇ ಎಂದು ತಾವು ಗದರಿದಾಗ ಶೇಖಪ್ಪ, “ನೊರಿ ಬರಲಿಲ್ಲಂದ್ರ ಜನಾ ನನಗ ಬೈತಾರ್ರೀ ಸಾಹೇಬ್ರ” ಎಂದ. ಅದು ಅವನ ಇಡೀ ಬಾಳಿನ ಸತ್ಯ.

ತಾವು ಒಂದು ಗುಟುಕು ಕುಡಿದಿರಿ. ಕಣ್ಣು ಮುಚ್ಚಿದಿರಿ. ಗ್ಲಾಸನ್ನು ಬರಿದು ಮಾಡಿ, “ಈಗ ಏನೂ ಹೇಳಾಕ ಆಗೂದಿಲ್ಲ. ಅಮಲು ತಡಾ ಮಾಡಿ ಏರ್ತೈತಿ” ಎಂದಿರಿ. ಕಾದೆವು. ಅಮಲು ಏರಲಿಲ್ಲ; ಪ್ರಮಾಣ ಸಾಲದೆಂದು ಇನ್ನೊಂದು ಗ್ಲಾಸು ಬೇಡಿದಿರಿ. ಒಬ್ಬರ ಸಾಕ್ಷಿ ಸಾಲದೆಂದು ತಮ್ಮ ಸಿಪಾಯಿಗೊಂದು ಕುಡಿಸಿದಿರಿ. ಸಿಪಾಯಿ ತಮ್ಮ ಕೈಕೆಳಗಿನವನು, ನಿಷ್ಪಕ್ಷಪಾತಿ ಬೇಕೆಂದು ಬಸ್ಸಿನ ಡ್ರೈವರನಿಗೂ ಕುಡಿಸಿದಿರಿ. ಕುಡಿಸಿದ ಮೇಲೆ, ಅವನಿಗೆ ಅಮಲೇರಿಲ್ಲವೆಂದು ಖಾತ್ರಿಯಾಗುವವರೆಗೆ ಬಸ್ಸು ಬಿಡುವಂತಿಲ್ಲವೆಂದು ತಡೆದಿರಿ. ಹಿಂದಿನ ಸೀಟಿನ ಮುದುಕನೊಬ್ಬ, ಊರಿಗೆ ಹೊತ್ತಾಯಿತೆಂಬ ಸಂಕಟದಿಂದ, ತಾನೂ ಸ್ವಲ್ಪ ರುಚಿ ನೋಡಿ, ಸೆರೆ ಹೀಗಿರುವುದಿಲ್ಲವೆಂದು ಸಾಕ್ಷಿ ಹೇಳಿದ. ತಾವು ಅವನನ್ನೇ ನೋಡುತ್ತ, “ಹೆಂಗಿರ್ತೈತಿ ಅಂತ ನಿಮಗ ಹೆಂಗ ಗೊತ್ತು ಅಜ್ಜಾರ?” ಎಂದು ಕೇಳಿದಿರಿ. ಪಾಪ, ಅವನು ಮೀಸೆಯ ನೊರೆ ಒರೆಸಿಕೊಂಡು ಬಸ್ಸು ಹತ್ತಿ ಹಿಂದಿನ ಸೀಟು ಸೇರಿದ.

ಇನ್ನು ನಡೆದುದನ್ನು ದೂರೆಂದು ಬರೆಯುವುದೋ ಕೃತಜ್ಞತೆಯೆಂದು ಬರೆಯುವುದೋ ನನಗೆ ತಿಳಿಯದು. ತಾವು ದೊಡ್ಡದಾಗಿ ತೇಗಿದಿರಿ. ಬೂಟು ಕಳಚಿ, ಡಬ್ಬಿಯನ್ನು ಪಕ್ಕಕ್ಕಿಟ್ಟು, ನಮ್ಮ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಳಿಬಿಟ್ಟು ನಾಕಾದ ಕಟ್ಟಿಗೆಯ ಬಾಕಿನ ಮೇಲೆ ಕುಳಿತು, ವಿಜಾಪುರದ ಕಡೆಯ ತಮ್ಮ ಊರಿನ ಹೆಸರು ಹೇಳಿ, ಈ ಅಡವಿಗೆ ಬಂದ ಮೇಲೆ ತಮಗೆಂದು ಯಾರೂ ಏನನ್ನೂ ಮಾಡಿಕೊಟ್ಟಿಲ್ಲವೆಂದು ಯಾರನ್ನೂ ಉದ್ದೇಶಿಸದೆ ಹೇಳಿ, ಆಮೇಲೆ ತಮ್ಮ ತಾಯಿ ಹಾಡುತ್ತಿದ್ದ ಜೋಗುಳವೊಂದನ್ನು ಹಾಡತೊಡಗಿದಿರಿ. ರಾಗ ಒಂದು ದಾರಿ, ತಾವು ಒಂದು ದಾರಿ. ಆದರೂ ಬಸ್ಸಿನ ಹೆಂಗಸೊಬ್ಬಳ ಮಡಿಲಲ್ಲಿ ಹಟ ಮಾಡುತ್ತಿದ್ದ ಕೂಸು ನಿದ್ದೆ ಹೋಯಿತು; ಸಿಪಾಯಿಯೂ ಹೋದ. ಹಾಡು ಮುಗಿದ ಮೇಲೆ ಎದ್ದು ನಿಂತು, ಇದರಲ್ಲಿ ಅಮಲಿನ ಅಂಶವಿಲ್ಲ, ಹೋಗಬಹುದು ಎಂದು ಎಲ್ಲರ ಮುಂದೆ ತೀರ್ಪು ಕೊಟ್ಟಿರಿ. ಆಗ ನೋಡಿದರೆ ಡಬ್ಬಿಯ ತಳದಲ್ಲಿ ಕರಗಿದ ಹಾಲು, ತಂಬಿಗೆಯಲ್ಲಿ ಹಣ್ಣಿನ ಸಿಪ್ಪೆ. ನಿರಪರಾಧಿಯೆಂದು ಬಿಡುಗಡೆಯಾಗಲು ಆರೋಪಿಯೇ ಉಳಿದಿರಲಿಲ್ಲ.

ದಾಂಡೇಲಿಯಲ್ಲಿ ತಾಯವ್ವ ನೆರೆಯವರಿಂದ ತಂದ ಎತ್ತರದ ಗಾಜಿನ ಗ್ಲಾಸನ್ನು ತೊಳೆದು ಒರೆಸಿ, ಬಾಗಿಲಲ್ಲೇ ಹಿಡಿದು ನಿಂತಿದ್ದಳು. ಬರಿಯ ಬಕೆಟ್ಟನ್ನು ಕಂಡು ಗ್ಲಾಸನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. ಅವಳ ಅತ್ತೆ ಗುರುಬಸವ್ವ, ತವರಿನವರು ಬರಿಗೈಯಲ್ಲಿ ಬರುವುದಕ್ಕೂ ಬರಿಯ ಬಕೆಟ್ಟಿನೊಡನೆ ಬರುವುದಕ್ಕೂ ಏನು ವ್ಯತ್ಯಾಸವೆಂದು ಕೇಳಿದರು. ನಾನು ಕುಳಿತು, ನಡೆದುದನ್ನೆಲ್ಲ, ಉಪ್ಪುನೀರಿನಿಂದ ಜೋಗುಳದವರೆಗೆ, ಒಂದೂ ಬಿಡದೆ ಹೇಳಿದೆ. ಮೊದಲು ತಾಯವ್ವ ನಗದಿರಲು ತುಟಿ ಕಚ್ಚಿದಳು. ಆಮೇಲೆ ಹೊಟ್ಟೆ ಹಿಡಿದು ಗೋಡೆಗೆ ಒರಗಿ, ಮಾತು ನಿಂತುಹೋಗುವಷ್ಟು ನಕ್ಕಳು. ನಗು ತಗ್ಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು: “ಅತ್ತಿ, ನನಗ ಐಸ್‌ಕ್ರೀಮು ಬ್ಯಾಡ ಈಗ. ಸಾಹೇಬ್ರು ಬಕೆಟ್ಟಿನ್ಯಾಗ ಕಾಲಿಟ್ಟು ಹಾಡೂದನ್ನ ನೋಡಬೇಕು.” ಅವಳು ತಮಾಷೆಗೆ ಅಂದಳೆಂದು ನಾನು ನಕ್ಕುಬಿಟ್ಟೆ. ಆದರೆ ಗುರುಬಸವ್ವ ನಗಲಿಲ್ಲ. “ಬಯಕಿ ಅಂದ್ರ ಬಯಕಿನ. ತೀರಸ್ರಿ” ಎಂದರು.

ಆದ್ದರಿಂದ, ಘನತೆವೆತ್ತ ಸಾಹೇಬರೇ, ಮುಂದಿನ ಸೋಮವಾರ ದಾಂಡೇಲಿಯಲ್ಲಿ ತಾಯವ್ವನ ಸೀಮಂತದ ಕುಬಸವಿದೆ, ಅದಕ್ಕೆ ತಾವು ದಯಮಾಡಿಸಿ ಹಾಡಬೇಕೆಂದು ಪ್ರಾರ್ಥಿಸುತ್ತೇನೆ. ಹಸಿರು ಸೀರೆ, ಹಸಿರು ಬಳೆಯ ಬಸುರಿಯ ಎದುರಿಗೆ ತಮಗೊಂದು ಬಾಕು ಹಾಕಿಸುತ್ತೇವೆ. ಖಾಕಿ ಟೊಪ್ಪಿಗೆ ಕಡ್ಡಾಯ, ಬೂಟಿಗೆ ರಿಯಾಯತಿಯಿದೆ. ರಾಗ ಸರಿಮಾಡಿಕೊಂಡು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಅಂದಿನಂತೆಯೇ ತಪ್ಪಬೇಕೆಂದು ಹುಡುಗಿಯ ಅಪೇಕ್ಷೆ. ಇದು ನೌಕರಿಯ ನಿಯಮದಲ್ಲಿ ಕೂಡುವುದಿಲ್ಲವೆಂದರೆ, ಬಂದು ನಮ್ಮನ್ನು ಜಪ್ತಿ ಮಾಡುವ ನೆವದಿಂದಲಾದರೂ ಬನ್ನಿ. ಐಸು, ಹಾಲು, ಸೋಡಾ ಎಲ್ಲವನ್ನೂ ಈ ಸಲ ದಾಂಡೇಲಿಯಲ್ಲೇ ಕೂಡಿಸುತ್ತೇವೆ. ಗೇರುಹಣ್ಣು ತೀರಿದರೆ ಮಾವು ಹಿಂಡುತ್ತೇವೆ. ಮೊದಲ ಗ್ಲಾಸು ಬಸುರಿಗೆ. ಎರಡನೆಯದು ತಮಗೆಂದೇ ಮಾಡಿದ್ದು, ಪರೀಕ್ಷೆಗಲ್ಲ, ಕುಡಿಯಲಿಕ್ಕೆ.

ಕೂಸಿನ ಎರಡೂ ಕಿವಿಗಳ ಪರವಾಗಿ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಮಹಾದೇವಕ್ಕ
ಖಾನಾವಳಿ, ಹಳಿಯಾಳ ಪೇಟೆ

ತಾ.ಕ.: ಬರುವಾಗ ಬರಿಗೈಯಲ್ಲೇ ಬನ್ನಿ. ನಾಕಾದ ಕಪಾಟಿನಲ್ಲಿಟ್ಟ ಜಪ್ತಿ ಸೆರೆಯ ಶೀಸೆಗಳು ಈ ಬೇಸಿಗೆಯಲ್ಲಿ ದಿನೇದಿನೇ ಖಾಲಿಯಾಗುತ್ತಿವೆಯೆಂದು ಬಸ್ಸಿನವರು ಆಡಿಕೊಳ್ಳುತ್ತಾರೆ. ಬಿಸಿಲಿಗೆ ಐಸು ಕರಗುವುದನ್ನು ನಾನು ಬಲ್ಲೆ. ಬೂಚು ಬಿಗಿದ ಸೆರೆಯೂ ಕರಗುತ್ತದೆಂಬುದು ನನಗೆ ಹೊಸ ವಿದ್ಯೆ, ಅದನ್ನು ಸಾವಕಾಶವಾಗಿ ತಮ್ಮಿಂದಲೇ ಕಲಿಯುವ ಆಸೆಯಿದೆ.