ಮೂರನೇ ಅಂಕದಲ್ಲಿ ಸಾಯುವ ಕಂಡಕ್ಟರ್

ಮನುಷ್ಯ ಒಂದೇ ಸಲ ಸತ್ತರೆ ಮನೆಯವರಿಗಷ್ಟೇ ಆಘಾತ. ಪ್ರತಿ ವರ್ಷವೂ ಸಾಯುತ್ತಿದ್ದರೆ ಯಾರಿಗೆ, ಯಾವಾಗ, ಎಲ್ಲಿ ಎದೆ ಧಸಕ್ಕೆನ್ನುತ್ತದೋ ಹೇಳಲಿಕ್ಕೆ ಬರುವುದಿಲ್ಲ. ನನ್ನ ಬಾಳೇ ಇಂಥ ಗಾಬರಿಗಳಲ್ಲಿ ಕಳೆದಿದೆ.

ನಾನು ಕಾರವಾರ–ಅಂಕೋಲಾ ಬಸ್ಸಿನ ಕಂಡಕ್ಟರ್. ನಾಟಕದ ಕಾಲ ಬಂತೆಂದರೆ ಹವ್ಯಾಸಿ ನಟ. ನಮ್ಮ ತಂಡದ ಸಾಮಾಜಿಕ ನಾಟಕಗಳಲ್ಲೆಲ್ಲ ಒಬ್ಬ ತಂದೆ ಇರುತ್ತಾನೆ. ಅವನು ಮೂರನೇ ಅಂಕದಲ್ಲಿ ಎದೆ ಹಿಡಿದುಕೊಂಡು ಸಾಯುತ್ತಾನೆ. ಆ ತಂದೆ ನಾನು. ನನ್ನಷ್ಟು ಚೆನ್ನಾಗಿ ಸಾಯುವವರು ಇಡೀ ತಾಲೂಕಿನಲ್ಲಿಲ್ಲ. ಇದು ಜಂಬವಲ್ಲ, ಜನ ಹೇಳಿದ್ದು. ಹೇಳದವರಿಗೆ ನಾನೇ ನೆನಪು ಮಾಡಿಕೊಟ್ಟಿದ್ದೇನೆ.

ಹೆಣಕ್ಕೆ ಬಹುಮಾನ

ಪಾರ್ಟು ಮೆಚ್ಚಿದವರು ದೃಶ್ಯದ ನಡುವೆಯೇ ರಂಗಕ್ಕೆ ಬಂದು ಬಹುಮಾನ ಕೊಡುವ ಪದ್ಧತಿ ನಮ್ಮ ಕಡೆ ಇದೆ. ಮೈಕಿನಲ್ಲಿ ಕೂಗುತ್ತಾರೆ. ನಟ ಅಳುತ್ತಿರಲಿ, ಹೊಡೆದಾಡುತ್ತಿರಲಿ, ನಿಲ್ಲಿಸಿ ಕೈಮುಗಿಯಬೇಕು. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಬೇಕು.

ಕೇಣಿಯ ನಾಟಕದಲ್ಲಿ ನಾನು ಆಗಷ್ಟೇ ಸತ್ತಿದ್ದೆ. ಡಾಕ್ಟರ್ ಪಾರ್ಟಿನವ ನಾಡಿ ಹಿಡಿದು, "ಕ್ಷಮಿಸಿ, ಪ್ರಾಣ ಹೋಗಿದೆ" ಎಂದಿದ್ದ. ನನ್ನ ನಾಟಕದ ಹೆಂಡತಿ, ಕುಮಟೆಯಿಂದ ಕರೆಸಿದ ಕಲಾವಿದೆ, ಎದೆ ಬಡಿದುಕೊಂಡು ಅಳುತ್ತಿದ್ದರು. ಅಷ್ಟರಲ್ಲಿ ಮೈಕು ಕೂಗಿತು: "ತಂದೆ ಪಾರ್ಟು ಮಾಡಿದವ್ರಿಗೆ ನಮ್ಮೂರ ದೋಣಿ ಯಜಮಾನ್ರಿಂದ ಬಹುಮಾನ!"

ಒಂದು ಕಣ್ಣು ಸಣ್ಣಗೆ ತೆರೆದೆ. ಯಜಮಾನರು ತೋಳುದ್ದದ ಇಸೋಣ ಮೀನು ಹಿಡಿದು ನಿಂತಿದ್ದರು. ಏಳದಿದ್ದರೆ ಊರಿಗೆ ಅವಮಾನ, ಎದ್ದರೆ ನಾಟಕಕ್ಕೆ ಅವಮಾನ. ಮೀನು ಬೇರೆ ತಾಜಾ ಇತ್ತು. ಎದ್ದೆ. ಮೀನು ತಗೊಂಡೆ, ಕೈಮುಗಿದೆ, ಮೀನನ್ನು ಎದೆಯ ಮೇಲಿಟ್ಟುಕೊಂಡು ಮತ್ತೆ ಸತ್ತೆ.

ಡಾಕ್ಟರ್ ದಂಗಾಗಿ ನಿಂತಿದ್ದ. ಅವನಿಗೆ ಮುಂದಿನ ಮಾತೇ ಮರೆತುಹೋಯಿತು. ಕಡೆಗೆ ಬಗ್ಗಿ ಇನ್ನೊಮ್ಮೆ ನನ್ನ ನಾಡಿ ಹಿಡಿದು ಸಭೆಗೆ ಹೇಳಿದ: "ಕ್ಷಮಿಸಿ, ಈಗ ಹೋಯ್ತು."

ನಾಟಕ ಬರೆದು ಕಲಿಸುವ ನಮ್ಮ ಮಾಸ್ತರರು ಅಂದೇ ಕಾನೂನು ಮಾಡಿದರು: "ಇನ್ಮೇಲೆ ಸಾಕ್ಷಾತ್ ದೇವ್ರೇ ಬಹುಮಾನ ತಂದ್ರೂ ಸತ್ತವ ಏಳೂಹಾಂಗಿಲ್ಲ!"

ತಣ್ಣೀರು ಸ್ನಾನ

ಅದೇ ವರ್ಷ ಬೆಳಂಬಾರದಲ್ಲೂ ಸತ್ತೆ. ಕಾನೂನಿನ ಪ್ರಕಾರ, ಏಳದೆ. ಮರುದಿನ ಬಸ್ಸಿನಲ್ಲಿ ಟಿಕೇಟು ಕೊಡುತ್ತಿದ್ದಾಗ ಬಾಯಿತುಂಬ ಎಲೆಯಡಿಕೆ ಕವಳ ಹಾಕಿಕೊಂಡ ಅಜ್ಜಿಯೊಬ್ಬಳು ನನ್ನ ಮುಖ ನೋಡಿ ಕಿಟಾರನೆ ಕಿರುಚಿದಳು. ಡ್ರೈವರ್ ಯಾರೋ ಚಕ್ರಕ್ಕೆ ಸಿಕ್ಕರೆಂದು ಬ್ರೇಕ್ ಹಾಕಿದ.

"ನೀ ನಿನ್ನೆ ಸತ್ತೋಗಿದ್ದೆ ಅಲ್ಲನಾ ತಮಾ!"

"ಅಜ್ಜೀ, ಅದು ನಾಟ್ಕ ಅಲ್ವೇ? ಕಡೀಗೆ ಎಲ್ಲರ ಸಂಗ್ತೀಗೆ ನಾನೂ ಎದ್ದು ನಿಂತು ಕೈಮುಗಿದ್ನಲ್ಲ!"

"ಅದ್ನ ಯಾರು ನೋಡ್ದೋರು? ನೀ ಸತ್ತ ಕೂಡ್ಲೆ ನಾ ಎದ್ದು ಮನಿಗೆ ಹೋದೆ. ಸತ್ತ ಮನೀಲಿ ಕೂತ್ಕಂಡು ಮಜಾ ನೋಡೂಕೆ ಆತದಾ? ಹೆಣ ಕಂಡ ಮೇಲೆ ಮೀಯದೆ ಒಳಗೆ ಹೋಗೂಕೂ ಆಗೂದಿಲ್ಲ. ಅಷ್ಟೊತ್ತಲ್ಲಿ ತಣ್ಣೀರಲ್ಲಿ ಮಿಂದೆ!" ಎಂದು ಅಜ್ಜಿ ಸೀನಿದಳು.

ನಟನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲವೆಂದು ನಾನು ಹಿಗ್ಗಿದೆ. ಅಜ್ಜಿ ಇಳಿಯುವಾಗ ತಿರುಗಿ ಹೇಳಿದಳು: "ಮತ್ತೆ ಸಾಯೂದಾದ್ರೆ ಮೊದ್ಲೇ ಹೇಳು ತಮಾ, ನೀರು ಕಾಸಿಟ್ಟು ಬತ್ತೆ."

ಹ್ಯಾಂಗ್

ಆಮೇಲೆ ಕೊರೋನಾ ಬಂತು. ನಾಟಕ ನಿಂತಿತು. ಬಸ್ಸೂ ನಿಂತಿತು ಅನ್ನಿ, ಆದರೆ ಬಸ್ಸಿಗೆ ನಾನು ಅಷ್ಟು ಕೊರಗಲಿಲ್ಲ. ಬಣ್ಣದ ಡಬ್ಬಿ ಕಂಡರೆ ಅಳು ಬರುತ್ತಿತ್ತು. ಎದುರಿಗೆ ಜನ ಇಲ್ಲದಿದ್ದರೆ ನಾನು ಯಾರು ಎಂಬುದೇ ನನಗೆ ತಿಳಿಯದಂತಾಯಿತು.

ಅಭ್ಯಾಸ ತಪ್ಪಬಾರದೆಂದು ಮಾಸ್ತರರು ವಿಡಿಯೋ ಕಾಲಿನಲ್ಲಿ ತಾಲೀಮು ಇಟ್ಟರು. ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಅಡುಗೆಮನೆಯಲ್ಲಿ ಸತ್ತೆ. ಮೈಯೆಲ್ಲ ಸ್ತಬ್ಧ, ರೆಪ್ಪೆ ಸಹ ಅಲುಗಿಸಲಿಲ್ಲ. ಫೋನಿನಿಂದ ಶಭಾಷ್ ಬರುತ್ತದೆಂದು ಕಾದರೆ ಡಾಕ್ಟರ್ ಪಾರ್ಟಿನವನ ದನಿ ಕೇಳಿತು:

"ಇವ್ರದ್ದು ಹ್ಯಾಂಗ್ ಆಯ್ತು ಕಾಣ್ತದೆ."

"ನೆಟ್ವರ್ಕ್ ಇಲ್ಲ ಅವ್ರಲ್ಲಿ. ಕಟ್ ಮಾಡಿ ಮುಂದೆ ಹೋಗ್ವ," ಎಂದರು ಮಾಸ್ತರರು.

ನನ್ನ ಕಲೆಗೆ ಈ ಗತಿಯೇ ಎಂದು ಆಘಾತದಿಂದ ಏಳಲಾರದೆ ಹಾಗೇ ಬಿದ್ದಿದ್ದೆ. ಅಷ್ಟರಲ್ಲಿ ಮನೆಯ ಹೆಂಡತಿ ಒಳಗೆ ಬಂದಳು. ಗಂಡ ನೆಲದ ಮೇಲೆ, ಕೈ ಎದೆಯ ಮೇಲೆ. ಅವಳು ಹೌಹಾರಿ ಚೀರುತ್ತಾಳೆ, ಒಬ್ಬಳಾದರೂ ಮೆಚ್ಚುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ದಾಟಿಕೊಂಡು ಹೋಗಿ ಹಾಲು ಒಲೆಗಿಟ್ಟಳು.

"ಸತ್ತದ್ದು ಮುಗಿದ್ರೆ ಆ ಅಕ್ಕಿ ಡಬ್ಬಿ ಇಲ್ಲಿ ಕೊಡಿ."

ಸ್ವಲ್ಪ ಬೇಗ

ಕೊರೋನಾ ಹೋಯಿತು, ನಾಟಕ ಮಾತ್ರ ತಿರುಗಿ ಬರಲಿಲ್ಲ. ಎಲ್ಲಿ ಕೇಳಿದರೂ ಆರ್ಕೆಸ್ಟ್ರಾ. ಮಾಜಾಳಿಯ ಕಮಿಟಿಯವರು ನಮ್ಮನ್ನು ಕೂರಿಸಿ ಚಹಾ ಕೊಟ್ಟು ಬಹಳ ಮರ್ಯಾದೆಯಿಂದ ಹೇಳಿದರು:

"ಪೂರ್ತಿ ನಾಟ್ಕ ಬ್ಯಾಡ ಮಾಸ್ತರೇ. ಇವ್ರು ಸಾಯೂದೊಂದು ಇರ್ಲಿ, ಜನಕ್ಕೆ ಅದು ಬೇಕು. ಹಾಡೋರು ನೀರು ಕುಡಿಯೂ ಹೊತ್ತಿಗೆ ಬಂದು ಸತ್ತು ಹೋಗ್ಲಿ."

ಮಾಸ್ತರರು ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು. ಏನೂ ಇಲ್ಲದ್ದಕ್ಕಿಂತ ಇದಾದರೂ ಆದೀತು ಎಂದು, ಹೇಳಲಿಕ್ಕೆ ನಾಚಿಕೆಯಾಗುತ್ತದೆ, ನಾನು ಒಳಗೊಳಗೇ ಒಪ್ಪಿಬಿಟ್ಟಿದ್ದೆ. "ಎಷ್ಟು ಹೊತ್ತು ಕೊಡ್ತೀರಿ?" ಎಂದೆ.

"ನೀರು ಕುಡಿಯೂಕೆ ಎಷ್ಟು ಹೊತ್ತು ಬೇಕು? ಸ್ವಲ್ಪ ಬೇಗ ಸಾಯೂಕೆ ಆಗ್ತದಾ ನೋಡಿ."

ಇಂವ ಏಳ್ತಾನೆ

ಕಡೆಗೆ ಬೆಳಂಬಾರದಿಂದ ಕರೆ ಬಂತು. ಅಲ್ಲಿಯೂ ಅರ್ಧ ಕಮಿಟಿ ಆರ್ಕೆಸ್ಟ್ರಾ ಎಂದಿತ್ತಂತೆ. ಅಧ್ಯಕ್ಷರು ಮಾಸ್ತರರಿಗೆ ಮುಖಕ್ಕೇ ಹೇಳಿದರು: "ಈ ವರ್ಷ ನಾಟ್ಕ ಇಟ್ಟು ನೋಡ್ವ. ಜನ ಕಡೀತನ್ಕ ಕೂತ್ರೆ ಮುಂದಿನ ವರ್ಷನೂ ನೀವೇ. ಎದ್ದೋದ್ರೆ ಮುಗೀತು."

ಮೊದಲ ಅಂಕ ಹೇಗೋ ದಾಟಿತು. ಎರಡನೆಯದರಲ್ಲಿ ಹಿಂದಿನ ಸಾಲಿನ ಕುರ್ಚಿಗಳು ಕರಕರ ಎಂದವು. ಮೂರನೆಯದಕ್ಕೆ ಬೈಕುಗಳು ಸ್ಟಾರ್ಟ್ ಆಗತೊಡಗಿದವು. ಮಾಸ್ತರರು ಪರದೆಯ ಮರೆಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ಇನ್ನು ಉಳಿದದ್ದು ನನ್ನ ಸಾವೊಂದೇ. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಸತ್ತೆ.

ನಾಟಕದ ಹೆಂಡತಿ ಮೈಮೇಲೆ ಬಿದ್ದು ಅಳತೊಡಗಿದರು. ಬೈಕುಗಳ ಸದ್ದು ಮಾತ್ರ ನಿಲ್ಲಲಿಲ್ಲ. ಆಗ ರಂಗದ ಹಲಗೆ ಕಿರುಗುಟ್ಟಿತು. ಯಾರೋ ಮೇಲೆ ಬಂದರು. ಬಹುಮಾನವೇನೋ, ಆದರೆ ಏಳುವ ಹಾಗಿಲ್ಲ. ಕಣ್ಣು ಮುಚ್ಚಿಯೇ ಇದ್ದೆ. ಮೂಗಿಗೆ ಕವಳದ ವಾಸನೆ ಬಡಿಯಿತು. ಬಸ್ಸಿನ ಅಜ್ಜಿ!

"ಅಳಬ್ಯಾಡ ಮಗಾ," ಎಂದು ಅಜ್ಜಿ ನನ್ನ ನಾಟಕದ ಹೆಂಡತಿಯ ಬೆನ್ನು ಸವರಿದಳು. ಮೇಲೆ ತೂಗುತ್ತಿದ್ದ ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. "ಇಂವ ಮೊದ್ಲೂ ಒಂದ್ಸಲ ಸತ್ತಿದ್ದ. ಮರುದಿನ ಬಸ್ಸಲ್ಲಿ ಟಿಕೇಟು ಕೊಡ್ತಿದ್ದ."

ಸಭೆ ಗೊಳ್ಳೆಂದಿತು. ಹೆಣದ ಹೊಟ್ಟೆ ಕುಲುಕತೊಡಗಿತು. ದುರಂತ ನಾಟಕ ಹಾಳಾಯಿತು, ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಅಜ್ಜಿ ಮಾತ್ರ ಸೊಂಟಕ್ಕೆ ಕೈಯಿಟ್ಟು ಹೊರಟವರ ಕಡೆ ತಿರುಗಿದಳು:

"ಏಯ್, ಎಲ್ಲಿಗೆ ಹೋತ್ರಿ? ನಾನೂ ಹಿಂಗೇ ನಡುವೆ ಎದ್ದೋಗಿ, ತಣ್ಣೀರಲ್ಲಿ ಮಿಂದದ್ದೇ ಬಂತು. ಕೂತ್ಕಣಿ ಎಲ್ಲ. ಇಂವ ಏಳ್ತಾನೆ!"

ಬೈಕುಗಳು ಆಫ್ ಆದವು. ಕುರ್ಚಿಗಳು ತುಂಬಿದವು. ನನ್ನ ಹೆಣ ಒಳಗೆ ಹೋದ ಮೇಲೂ ಒಬ್ಬರೂ ಕದಲಲಿಲ್ಲ. ನಾಲ್ಕನೇ ಅಂಕದಲ್ಲಿ ಖಳನಾಯಕ ಗಹಗಹಿಸುತ್ತಿದ್ದರೆ ಹಿಂದಿನಿಂದ ಒಬ್ಬ ಕೇಳಿದ: "ಅಂವ ಎದ್ನನಾ?" ನಾಟಕ ಮುಗಿದದ್ದೇ, ಸತ್ತವ ಏಳಬಾರದೆಂದು ಕಾನೂನು ಮಾಡಿದ ಮಾಸ್ತರರೇ ನನ್ನ ಬೆನ್ನು ನೂಕಿದರು: "ಏಳು ಮಾರಾಯಾ, ಊರೇ ಕಾಯ್ತದೆ!"

ರಂಗಕ್ಕೆ ಹೋಗಿ ನಿಂತೆ. ಇಷ್ಟು ವರ್ಷ ಸತ್ತಾಗ ಬಾರದ ಚಪ್ಪಾಳೆ ಎದ್ದಾಗ ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅಧ್ಯಕ್ಷರು ಓಡಿಬಂದು ಮಾಸ್ತರರ ಕೈ ಹಿಡಿದುಕೊಂಡರು: "ಮುಂದಿನ ವರ್ಷನೂ ನೀವೇ! ನಮ್ಮೂರ ಅಜ್ಜಿಗೆ ಯಾವಾಗ ಪಾರ್ಟು ಕಲ್ಸಿದ್ರಿ? ಹೇಳ್ಲೇ ಇಲ್ಲ!"

ಮರುದಿನ ಅಜ್ಜಿ ಬಸ್ಸು ಹತ್ತಿದಳು. ಕಾಲಿಡಲಿಕ್ಕೂ ಜಾಗವಿಲ್ಲದಷ್ಟು ಜನ. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೇಟು ತಗೊಂಡು, ಬಸ್ಸಿಗೆಲ್ಲ ಕೇಳುವಂತೆ ಕೇಳಿದಳು:

"ಎದ್ಯಲ್ಲ ತಮಾ, ಚಲೋ ಆಯ್ತು. ಮುಂದಿನ ವರ್ಷ ಎಲ್ಲಿ ಸಾಯ್ತೆ?"

ಕೂತವರು, ನಿಂತವರು ಎಲ್ಲ ಬಾಯಿ ತೆರೆದು ನನ್ನನ್ನೇ ನೋಡಿದರು. ನಾನು ಎದೆಯುಬ್ಬಿಸಿ ಹೇಳಿದೆ:

"ನಿಮ್ಮೂರಲ್ಲೇ ಅಜ್ಜಿ. ಕಮಿಟಿಯವ್ರು ಒಪ್ಪಿದ್ದಾರೆ."