ಕರಿಬೇವಿಗೆ ಹನಿ ನೀರಾವರಿ

ನನ್ನ ಹೆಂಡತಿ ಕುಮುದಾಳ ಬಾಯಿಗೆ ನಾನು ಮೊದಲಿನಿಂದಲೂ ಹೆದರುತ್ತೇನೆ. ಬೈಯುತ್ತಾಳೆಂದಲ್ಲ (ಅದು ಅಭ್ಯಾಸವಾಗಿದೆ), ನಿಜ ಹೇಳಿಬಿಡುತ್ತಾಳೆಂದು.

ಅಮೆರಿಕದ ಹ್ಯೂಸ್ಟನ್ ಪಕ್ಕದ ಫುಲ್‌ಶೀರಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ ಪೈಪು ತೊಟ್ಟಿಕ್ಕಲು ಶುರುವಾಗಿ ಆರು ತಿಂಗಳಾಗಿತ್ತು. "ರೀ, ಪ್ಲಂಬರ್‌ನ ಕರೀರಿ" ಎಂದು ಅವಳು ದಿನಾ ಹೇಳುತ್ತಿದ್ದಳು. ನಾನು ಕೆಳಗೊಂದು ತಪ್ಪಲೆ ಇಟ್ಟೆ. ದಿನಾ ಸಂಜೆ ಆ ನೀರನ್ನು ನನ್ನ ಕರಿಬೇವಿನ ಗಿಡಕ್ಕೆ ಹಾಕಿದೆ. ಹ್ಯೂಸ್ಟನ್ನಿನ ಕನ್ನಡಿಗರಲ್ಲಿ ಮಕ್ಕಳ ಮಾರ್ಕ್ಸಿಗಿಂತ ಕರಿಬೇವಿನ ಎತ್ತರಕ್ಕೇ ಹೆಚ್ಚು ಮರ್ಯಾದೆ. ನನ್ನ ಗಿಡ ನನ್ನ ಭುಜ ಮುಟ್ಟಿತ್ತು. ಅಂಥ ಪೈಪನ್ನು ಯಾವ ಬಾಯಲ್ಲಿ ರಿಪೇರಿ ಮಾಡಿ ಎನ್ನಲಿ?

ಮೇ ತಿಂಗಳ ಲಾಂಗ್ ವೀಕೆಂಡಿಗೆ ಸೌತ್‌ಲೇಕಿನ ನನ್ನ ತಂಗಿಯ ಮನೆಗೆ ಹೋಗಿ ಮೂರು ದಿನ ಬಿಟ್ಟು ಬಂದೆವು. ತಪ್ಪಲೆ ತುಂಬಿ ಹರಿದು, ಮರದ ನೆಲದ ಹಲಗೆಗಳೆಲ್ಲ ಕರಿದ ಹಪ್ಪಳದಂತೆ ಸೊಟ್ಟಗಾಗಿದ್ದವು. ಕುಮುದಾ ಅತ್ತೇಬಿಟ್ಟಳು. ಆಗಸ್ಟಿನಲ್ಲಿ ಮೈಸೂರಿನಲ್ಲಿ ಅವಳ ತಂಗಿಯ ಮದುವೆ. ನಮ್ಮಿಬ್ಬರ ಟಿಕೆಟ್ಟಿಗೆಂದು ಎತ್ತಿಟ್ಟ ದುಡ್ಡು ಈಗ ನೆಲದ ಪಾಲು!

"ಅಳಬೇಡ ಕಣೇ, ಇನ್ಶೂರೆನ್ಸ್ ಇದೆ!" ಎಂದು ಅರವತ್ತು ಪುಟದ ಪಾಲಿಸಿಯ ಪಾರಾಯಣಕ್ಕೆ ಕೂತೆ. ಏಳು ಸಲ ಆಕಳಿಸಿದ ಮೇಲೆ ಪರಮ ರಹಸ್ಯ ಗೋಚರಿಸಿತು. ಪೈಪಿನ ನೀರು ಹಠಾತ್ತಾಗಿ ನುಗ್ಗಿದರೆ ಪರಿಹಾರ ಉಂಟು. ತಿಂಗಳುಗಟ್ಟಲೆ ಸೋರಿದರೆ ಇಲ್ಲ. (ಹೊರಗಿನ ಪ್ರವಾಹಕ್ಕೆ ಬೇರೆಯದೇ ಪಾಲಿಸಿ ಬೇಕು, ಅದನ್ನು ಹಾರ್ವೆ ಚಂಡಮಾರುತ ನಮ್ಮ ಊರಿಗೆಲ್ಲ ಕಲಿಸಿತ್ತು.)

"ನೋಡು, ನಷ್ಟ ನೋಡೋಕೆ ಕಂಪನಿಯಿಂದ ಅಡ್ಜಸ್ಟರ್ ಬರ್ತಾನೆ. ಒಂದೇ ಮಾತು, 'ಸಡನ್'! ಆರು ತಿಂಗಳು ಗೀರು ತಿಂಗಳು ಅಂದ್ಯೋ, ಮುಗೀತು."

"ಸುಳ್ಳು ಹೇಳ್ಬೇಕಾ?"

"ಸುಳ್ಳೇನು? ತಪ್ಪಲೆ ತುಂಬಿ ಹರಿದಿದ್ದು ಸಡನ್ ಅಲ್ವಾ?"

"ಆ ಇನ್ಶೂರೆನ್ಸ್ ಕಾಗದದ ಹೆಸರೇ 'ಪಾಲಿಸಿ' ಅಂತ. ಹೆಂಡ್ತಿ ಮಾತು ಪಾಲಿಸಿದ್ರೆ ಈ ಗತಿ ಬರ್ತಿತ್ತೇನ್ರೀ? ನಾನಂತೂ ಬಾಯೇ ಬಿಡಲ್ಲ. ನೀವುಂಟು, ಅವನುಂಟು."

ಗುರುವಾರ ಅಡ್ಜಸ್ಟರ್ ಬಂದ. ಆರೂಕಾಲಡಿ ಆಳು, ನಗುಮುಖ. ತಪ್ಪಲೆ ಆಗಲೇ ಗರಾಜಿನಲ್ಲಿ ಅಜ್ಞಾತವಾಸದಲ್ಲಿತ್ತು. ಕುಮುದಾ ಕಾಫಿ ಕೊಟ್ಟು, ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ನನಗೋ ಅವಳ ತುಟಿಗಳ ಮೇಲೇ ಕಣ್ಣು.

"ಹೇಗಾಯ್ತು?" ಎಂದ.

"ಸಡನ್!" ಎಂದೆ.

ಬರೆದುಕೊಂಡ, ಫೋಟೋ ತೆಗೆದ, ಕೈಕುಲುಕಿದ. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಹಿತ್ತಿಲ ಬಾಗಿಲ ಬಳಿಯ ಗಿಡದ ಮೇಲೆ ಬಿತ್ತು.

"ಅಬ್ಬಾ, ಎಂಥ ಗಿಡ ಸಾರ್! ನನ್ನ ಹೆಂಡತಿ ಹಾಕಿದ್ದೆಲ್ಲ ಈ ಬಿಸಿಲಿಗೆ ಒಣಗಿಹೋಗುತ್ತೆ. ಏನು ಗುಟ್ಟು?"

ನೀರಿಗೆ ಮರದ ನೆಲವೇ ಉಬ್ಬಿರುವಾಗ ಹೊಗಳಿಕೆಗೆ ನಾನು ಉಬ್ಬಬಾರದೇ?

"ಗೊಬ್ಬರ ಇಲ್ಲ, ಏನಿಲ್ಲ! ಬರೀ ಹನಿ ನೀರು!" ಎಂದೆ. ಹಿಂದೆ ಕುಮುದಾ ಕೆಮ್ಮಿದಳು. "ದಿನಾ ಒಂದು ತಪ್ಪಲೆ, ಒಂದು ದಿನಾನೂ ತಪ್ಪಿಸಿಲ್ಲ!" ಅವಳು ಇನ್ನೂ ಜೋರಾಗಿ ಕೆಮ್ಮಿದಳು. "ನೀರು ಕುಡಿಯೇ!" ಎಂದು ಗದರಿ ಮುಂದುವರಿಸಿದೆ: "ಆರು ತಿಂಗಳಿಂದ, ಸಾರ್! ಎಲ್ಲಾ ಆ ಸಿಂಕಿನ ಕೆಳಗಿಂದಾನೇ..."

ಅವನು ಜೇಬಿಗೆ ಸೇರಿಸಿದ್ದ ಪೆನ್ನನ್ನು ಮೆಲ್ಲನೆ ಹೊರಗೆ ತೆಗೆದ.

ಹತ್ತು ದಿನಕ್ಕೆ ಕಾಗದ ಬಂತು. ಕ್ಲೈಮ್ ತಿರಸ್ಕೃತ. ಕಾರಣದ ಜಾಗದಲ್ಲಿ ನನ್ನದೇ ಮಾತು, ಒಂದಕ್ಷರ ಬಿಡದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕುಮುದಾ ಬೈಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಲೆಕ್ಕ ಹಾಕ್ದೆ. ಇರೋ ದುಡ್ಡಲ್ಲಿ ನೆಲಾನೂ ಆಗುತ್ತೆ, ಒಂದು ಟಿಕೆಟ್ಟೂ ಆಗುತ್ತೆ," ಎಂದಳು.

"ಒಂದಾ? ಹಾಗಾದ್ರೆ ನಾನು?"

"ಕರಿಬೇವಿಗೆ ನೀರು ಹಾಕೋಕೆ ಯಾರಾದ್ರೂ ಬೇಕಲ್ವೇನ್ರೀ?"

"ಆಗ್ಲೇ ಟಿಕೆಟ್ ತಗೊಂಡ್ಯಾ? ಯಾವಾಗ?"

"ನೆನ್ನೆ," ಎಂದಳು ಕುಮುದಾ. "ಸಡನ್ನಾಗಿ."