ನನ್ನ ಎಡಗಿವಿಗೆ ಎಂಟುನೂರ ಹನ್ನೆರಡು ಪಾಲುದಾರರು

ಬೆಳಕಿಂಡಿ ಬ್ರೌಸರ್ ಸಂಸ್ಥೆಯ ಖಾಸಗಿತನ ವಿಭಾಗದ ಮಹಾಮುಖ್ಯಸ್ಥರ ಸನ್ನಿಧಾನಕ್ಕೆ, ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಕೆಂಪರಾಜು ಗ್ರೀಸು ಒರೆಸಿಕೊಂಡ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಕಂಪ್ಯೂಟರುಗಳೂ ಕ್ಷೇಮವೆಂದು ನಂಬಿದ್ದೇನೆ. ನನ್ನ ಕ್ಷೇಮಸಮಾಚಾರ ಬರೆದು ತಮ್ಮ ಹೊತ್ತು ಹಾಳು ಮಾಡುವುದಿಲ್ಲ. ಅದು ನನಗಿಂತ ಮೊದಲೇ ತಮಗೆ ಗೊತ್ತಾಗುತ್ತದೆ ಎಂಬುದು ಈಚೆಗೆ ನನಗೂ, ನಮ್ಮ ರಸ್ತೆಯ ಸಮಸ್ತರಿಗೂ ಮನದಟ್ಟಾಗಿದೆ. ಆದರೂ ತಮ್ಮ ದಫ್ತರದಲ್ಲಿ ಬಿಟ್ಟುಹೋಗಿರಬಹುದಾದ ಒಂದೆರಡು ಸಂಗತಿಗಳನ್ನು ವಿನಯದಿಂದ ಅರಿಕೆ ಮಾಡಿಕೊಳ್ಳಬೇಕೆಂದು ಈ ಬಹಿರಂಗ ಪತ್ರ. ಗುಟ್ಟಾಗಿ ಬರೆಯೋಣವೆಂದುಕೊಂಡೆ. ಗುಟ್ಟಿನ ಕೆಲಸ ತಮ್ಮ ಕೈಗೆ ಒಮ್ಮೆ ಕೊಟ್ಟು ನೋಡಿ ಸಾಕಾಗಿದೆ.

ನನ್ನ ಕಸುಬಿನ ವಿಚಾರ ಮೊದಲು ಹೇಳುತ್ತೇನೆ. ಮೂವತ್ತೊಂದು ವರ್ಷದಿಂದ ಮೋಟಾರಿನ ರೋಗವನ್ನು ನಾನು ಬಿಚ್ಚಿ ನೋಡಿ ಹೇಳುವವನಲ್ಲ, ಕೇಳಿ ಹೇಳುವವನು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಮೋಟಾರಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ ಬೇರಿಂಗ್ ಹೋಗಿದೆಯೋ, ಬುಷ್ ಸವೆದಿದೆಯೋ ಗೊತ್ತಾಗಿಬಿಡುತ್ತದೆ. ಇದರಿಂದಾಗಿ ನನಗೆ 'ಕಿವಿ ಕೆಂಪರಾಜು' ಎಂದೇ ಹೆಸರು, ಅಂಗಡಿಯ ಬೋರ್ಡಿನ ಮೇಲೂ ಅದನ್ನೇ ಬರೆಸಿದ್ದೇನೆ, ಪಕ್ಕದಲ್ಲಿ ಒಂದು ಕಿವಿಯ ಚಿತ್ರವೂ ಇದೆ. ಸಿಂಗಟಗೆರೆಯಂಥ ದೂರದ ಊರಿನವರು ದಾರಿಯಲ್ಲಿ ಕಡೂರಿನ ಅಂಗಡಿಗಳನ್ನೆಲ್ಲ ದಾಟಿಕೊಂಡು ನನ್ನಲ್ಲಿಗೆ ಮೋಟಾರು ಹೊತ್ತು ತರುವುದು ಆ ಚಿತ್ರವನ್ನು ನಂಬಿಕೊಂಡೇ.

ಇಂಥ ನನಗೆ ಎರಡು ವರ್ಷದ ಹಿಂದೆ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಕೇಳಿಸುವುದು ನಿಂತುಹೋಯಿತು. ಮೂಳೆಗೆ ಒತ್ತಿದ ಸ್ಕ್ರೂಡ್ರೈವರಿನಲ್ಲಿ ಮೋಟಾರು ಮಾತ್ರ ಮೊದಲಿನಂತೆಯೇ ಮಾತಾಡುತ್ತಿತ್ತು; ಮನುಷ್ಯರ ಮೇಲೆ ಹಾಗೆ ಸ್ಕ್ರೂಡ್ರೈವರ್ ಇಡಲು ಬರುವುದಿಲ್ಲವಲ್ಲ! ಬೋರ್ಡಿನ ಮೇಲೆ ಕಿವಿ ಬರೆಸಿಕೊಂಡವನು ಕಿವುಡನೆಂದು ಗೊತ್ತಾದರೆ ಗಿರಾಕಿಗಳು ಎದುರು ಅಂಗಡಿಯ ತೀರ್ಥೇಶನ ಕಡೆ ತಿರುಗುತ್ತಾರೆ ಎಂಬ ಭಯ ನನಗಿತ್ತು, ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ಯಾರು ಏನು ಹೇಳಿದರೂ ಅವರ ತುಟಿ ನಿಂತ ಕೂಡಲೇ ತಲೆ ಆಡಿಸಿ 'ಹೂಂ, ಆಯ್ತು' ಎನ್ನುವುದನ್ನು ರೂಢಿಸಿಕೊಂಡೆ. ನನ್ನ ಹೆಂಡತಿ ಹಾಲಮ್ಮನಿಗೂ ಹೇಳಲಿಲ್ಲ. ಅವಳ ಮಾತಿಗೂ ಹೂಂ, ಆಯ್ತು.

ಈ ಸ್ಥಿತಿಯಲ್ಲಿ ತಮ್ಮ ಪ್ರವೇಶವಾಯಿತು. ಪಕ್ಕದ ಜೆರಾಕ್ಸ್ ಅಂಗಡಿಯ ನಯನ ನನ್ನ ಲ್ಯಾಪ್‌ಟಾಪಿಗೆ ಬೆಳಕಿಂಡಿಯನ್ನು ಹಾಕಿಕೊಟ್ಟು, ಇದರಲ್ಲಿ 'ಖಾಸಗಿ ಕಿಟಕಿ' ಅಂತ ಒಂದಿದೆ, ಅದರೊಳಗೆ ಏನು ಹುಡುಕಿದರೂ ನರಪಿಳ್ಳೆಗೂ ಗೊತ್ತಾಗಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಅವಳು ಬರೆದು ತೋರಿಸಿದ್ದು ಯಾಕೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಅಂಗಡಿಯಲ್ಲಿ ಜನವಿಲ್ಲದ ಊಟದ ಹೊತ್ತು ನೋಡಿ ಆ ಕಿಟಕಿ ತೆಗೆದೆ. ಮೊದಲಿಗೆ ತಮ್ಮ ಖಾಸಗಿತನದ ನೀತಿ ಬಂತು. ಉರುಳಿಸಿದಷ್ಟೂ ಉರುಳುತ್ತಿತ್ತು, ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ ಇತ್ತು. ಎರಡು ವರ್ಷದ ಅಭ್ಯಾಸ ನೋಡಿ, ಒಂದಕ್ಷರ ಓದದೆ ತಲೆ ಆಡಿಸಿ ಒತ್ತಿಬಿಟ್ಟೆ. ಆಮೇಲೆ 'ಕಿವಿ ಕೇಳಿಸುವ ಮಿಷನ್, ಹೊರಗೆ ಕಾಣಬಾರದು' ಎಂದು ಬರೆದು ಹುಡುಕಿದೆ.

ತಪ್ಪು ತಮ್ಮದೆಂದು ಹೇಳುವ ಅಧಿಕಪ್ರಸಂಗ ನನಗಿಲ್ಲ, ಮಾನ್ಯರೇ. ನಮ್ಮ ಸೀಮೆಯಲ್ಲಿ ಖಾಸಗಿ ಎಂಬ ಮಾತನ್ನು ದಿನಾ ಬಳಸುವುದು ಬಸ್ಸಿಗೆ. ಕಡೂರಿನಿಂದ ಹೊರಟ ಖಾಸಗಿ ಬಸ್ಸು ಬೀರೂರಿನಲ್ಲಿ ಕೂಗಿ ಕೂಗಿ ಕರೆದು, ದಾರಿಯಲ್ಲಿ ಕೈ ತೋರಿಸಿದವರನ್ನೂ, ಕೈ ತೋರಿಸದೆ ಸುಮ್ಮನೆ ಮರದಡಿ ನಿಂತವರನ್ನೂ ಹತ್ತಿಸಿಕೊಂಡು ಅಜ್ಜಂಪುರ ಮುಟ್ಟುವುದರೊಳಗೆ, ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂಬುದು ಡ್ರೈವರಿನಿಂದ ಹಿಂದಿನ ಸೀಟಿನವರೆಗೂ ತಿಳಿದಿರುತ್ತದೆ. ತಾವು ಆ ಅರ್ಥದಲ್ಲಿಯೇ ಖಾಸಗಿ ಎಂದಿದ್ದಿರಿ. ಈ ಊರಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯದೇ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ತಮ್ಮ ಸೇವೆ ಆರಂಭವಾಯಿತು, ಅದರ ಚುರುಕನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಲ್ಯಾಪ್‌ಟಾಪಿನಲ್ಲಿ ಬೋಳುತಲೆಯ ಒಬ್ಬ ಅಜ್ಜ ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಹಲ್ಲು ಕಿರಿಯುತ್ತಾ ಬಂದ. ಅಷ್ಟೇ ಆಗಿದ್ದರೆ ಮುಚ್ಚಿಟ್ಟುಕೊಳ್ಳುತ್ತಿದ್ದೆ. ನನ್ನ ಅಂಗಡಿಯ ವೈಫೈಯನ್ನು ಹಾಲಮ್ಮ ಬಳಸುತ್ತಾಳೆ, ಟೀ ಅಂಗಡಿಯವರು ಬಳಸುತ್ತಾರೆ, ಕೇಳದೆಯೇ ತೀರ್ಥೇಶನೂ ಬಳಸುತ್ತಾನೆ. ತಾವು ಭೇದಭಾವ ತೋರದೆ ಅಷ್ಟೂ ಫೋನುಗಳಿಗೆ ಆ ಅಜ್ಜನನ್ನು ಕಳಿಸಿಕೊಟ್ಟಿರಿ. ಹಾಲಮ್ಮ ರಂಗೋಲಿ ನೋಡುತ್ತಿದ್ದರೆ ಅಜ್ಜ, ತೀರ್ಥೇಶ ಕ್ರಿಕೆಟ್ ನೋಡುತ್ತಿದ್ದರೆ ಎರಡು ಓವರಿನ ನಡುವೆ ಅಜ್ಜ. ಈ ರಸ್ತೆಯಲ್ಲಿ ಯಾರೋ ಒಬ್ಬನಿಗೆ ಕಿವಿ ಹೋಗಿದೆ ಎಂದು ಟೀ ಅಂಗಡಿಯಲ್ಲಿ ಲೆಕ್ಕಾಚಾರ ನಡೆದು, ಮಧ್ಯಾಹ್ನದೊಳಗೆ 'ಕಿವಿ ಕೆಂಪರಾಜಂಗೇ ಕಿವಿ ಇಲ್ವಂತೆ ಕಣ್ರಪ್ಪೋ' ಎಂಬ ತೀರ್ಮಾನ ಹೊರಬಿತ್ತಂತೆ. ನನ್ನ ಎದುರಿಗೇ ಹೇಳಿದರಂತೆ. ನಾನು ಹೂಂ, ಆಯ್ತು ಎಂದೆನಂತೆ.

ಆಮೇಲೆ ಮೂರು ದಿನ ಒಂದು ಮೋಟಾರೂ ಬರಲಿಲ್ಲ. ಸಂಕಟವಾಯಿತು ಸ್ವಾಮೀ, ತಮಾಷೆಯಲ್ಲ. ಬೋರ್ಡಿನ ಮೇಲಿನ ಕಿವಿಗೆ ಬಣ್ಣ ಬಳಿದುಬಿಡಲೇ ಎಂದು ಏಣಿಯನ್ನೂ ತಂದಿಟ್ಟಿದ್ದೆ.

ಸಿಟ್ಟಿನಲ್ಲಿ ತಮ್ಮ ನೀತಿಯನ್ನು ನಯನಳಿಂದ ಪ್ರಿಂಟು ಹಾಕಿಸಿ ಅಕ್ಷರಶಃ ಓದಿದಾಗ, ನನ್ನ ಮಾಹಿತಿಯಲ್ಲಿ ತಮ್ಮ 'ಎಂಟುನೂರ ಹನ್ನೆರಡು ಪಾಲುದಾರರಿಗೆ' ಹಕ್ಕಿದೆ ಎಂದಿತ್ತು. ಮಾನ್ಯರೇ, ಪಾಲುದಾರ ಎಂಬ ಶಬ್ದ ನಮ್ಮ ಕಡೆ ಬಲು ತೂಕದ್ದು. ನಮ್ಮಪ್ಪನ ಒಂದೂವರೆ ಎಕರೆ ಜಮೀನಿಗೆ ನಾವು ನಾಲ್ಕೇ ಜನ ಪಾಲುದಾರರು, ಖಾತೆ ಬೇರೆ ಮಾಡಿಸಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು. ಎಂಟುನೂರ ಹನ್ನೆರಡೆಂದರೆ ನನ್ನ ಆಯುಸ್ಸಿನಲ್ಲಿ ಮುಗಿಯುವ ಮಾತಲ್ಲವೆಂದು ಆ ಹಾಳೆಗಳನ್ನು ಹಿಡಿದು ತರೀಕೆರೆಗೆ ಹೋಗಿ, ಪತ್ರ ಬರಹಗಾರ ತಿಪ್ಪೇಶನ ಮುಂದೆ ಕುಳಿತು, ಇವರೆಲ್ಲರ ಹಕ್ಕು ವಜಾ ಮಾಡಲು ತಕರಾರು ಅರ್ಜಿ ಬರೆದುಕೊಡೆಂದೆ. ಅವನು ಪಾಲುದಾರರು ಎಂಬಷ್ಟನ್ನೇ ಓದಿ, ಅಭ್ಯಾಸಬಲದಿಂದ ಪೆನ್ನು ತೆಗೆದು, ಸ್ವತ್ತಿನ ನಾಲ್ಕು ದಿಕ್ಕಿನ ಚೆಕ್ಕುಬಂದಿ ಹೇಳಿ ಎಂದು ನನ್ನ ಬಲಗಿವಿಯಲ್ಲಿ ಕೂಗಿದ. ನಾನೂ ಮೂರ್ಖ, ಪೂರ್ವಕ್ಕೆ ಮುಖ ಮಾಡಿ ಕೂತಿದ್ದವನು ಹೇಳಿಯೇಬಿಟ್ಟೆ. ಹೀಗಾಗಿ ತಮ್ಮ ಪಾಲುದಾರರು ಹಕ್ಕು ಸಾಧಿಸಿರುವ ನನ್ನ ಎಡಗಿವಿಗೆ ಪೂರ್ವಕ್ಕೆ ಕೆನ್ನೆ, ಪಶ್ಚಿಮಕ್ಕೆ ಹಿಂದಲೆ, ದಕ್ಷಿಣಕ್ಕೆ ಅರ್ಜಿದಾರನ ಸ್ವಂತ ತಲೆ, ಉತ್ತರಕ್ಕೆ ಬಯಲು ಎಂದು ದಾಖಲಾಗಿದೆ. ಅತಿಕ್ರಮಣವಾಗಿರುವುದು ಉತ್ತರದ ಕಡೆಯಿಂದಲೇ ಇರಬೇಕು. ಬರೆದು ಮುಗಿಸಿದ ಮೇಲೆ ಓದಿ ನೋಡಿಕೊಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂರು ದಿನದಲ್ಲಿ ಅದೇ ನನ್ನ ಮೊದಲ ನಗು, ಅದಕ್ಕಾಗಿ ತಮಗೆ ಋಣಿ.

ನಾಲ್ಕನೆಯ ದಿನ ಸಿಂಗಟಗೆರೆಯ ಹುಲಿಗೆಮ್ಮ ತನ್ನ ತೆಂಗಿನ ತೋಟದ ಮೋಟಾರನ್ನು ಲಗೇಜು ಆಟೋದಲ್ಲಿ ಹಾಕಿಸಿಕೊಂಡು ಬಂದಳು. ನಾನು ಎಲ್ಲ ಒಪ್ಪಿಕೊಂಡುಬಿಡೋಣವೆಂದು ಬಾಯಿ ತೆಗೆಯುವಷ್ಟರಲ್ಲಿ, ರಸ್ತೆಯವರಿಗೆಲ್ಲ ಕೇಳಿಸುವ ಹಾಗೆ, 'ನಿಂಗೆ ಕಿವಿ ಕೇಳ್ಸಲ್ಲ ಅಂತ ನಂಗೆ ಎರಡ್ ವರ್ಷದಿಂದ ಗೊತ್ತು ಕಣೋ, ನಾನೇನ್ ನಿನ್ ಹತ್ರ ಮಾತಾಡಕ್ ಬಂದೀನಾ, ಮೋಟಾರ್ ತಂದೀನಿ, ಕೇಳು' ಎಂದು ಗದರಿಸಿದಳು. ಆಗಲೇ ಅಂಗಡಿಯ ಮುಂದೆ ಜನ ಸೇರಿತ್ತು, ತೀರ್ಥೇಶನೂ ಬಂದು ನಿಂತಿದ್ದ. ಸ್ಕ್ರೂಡ್ರೈವರ್ ಊರಿ ಮೂಳೆಗೆ ಒತ್ತಿ, ಹಿಂಬದಿಯ ಬೇರಿಂಗಿನಲ್ಲಿ ಒಂದೇ ಒಂದು ಗುಂಡು ಒಡೆದಿದೆ ಎಂದೆ. ತೀರ್ಥೇಶನೇ ಮುಂದೆ ಬಂದು ಬಿಚ್ಚಿದ. ಒಂದೇ ಗುಂಡು ಒಡೆದಿತ್ತು. ಅವನು ಅದನ್ನು ಎಲ್ಲರಿಗೂ ತೋರಿಸಿ, ನನ್ನ ಬೆನ್ನಿಗೊಂದು ಗುದ್ದಿ ತನ್ನ ಅಂಗಡಿಗೆ ಹೋದ. ಸಂಜೆಯೊಳಗೆ ಐದು ಮೋಟಾರು ಬಂದವು. ಏಣಿಯನ್ನು ವಾಪಸ್ಸು ಕೊಟ್ಟೆ.

ಅಂಗಡಿ ಉಳಿಯಿತು, ಹಾಗಾದರೆ ದೂರೇನು ಎಂದು ತಾವು ಕೇಳಬಹುದು. ದೂರು ಮನೆಯದು. ಆ ಸಂಜೆ ಹಾಲಮ್ಮ ನನ್ನ ಎದುರು ಕೂತು, ಒಂದೊಂದೇ ಮಾತು ಬಿಡಿಸಿ, 'ಕಿವಿ ತೋರುಸ್ಕಳಿ, ಕಿವಿ ತೋರುಸ್ಕಳಿ ಅಂತ ಎರಡ್ ವರ್ಷದಿಂದ ಬಡ್ಕಂಡೆ, ನೀವು ಹೂಂ ಆಯ್ತು, ಹೂಂ ಆಯ್ತು ಅಂತಾನೇ ಇದ್ರಿ' ಎಂದಳು. ಅದಕ್ಕೆ ನಗು ಬಂತು. ಆಮೇಲೆ ಅವಳು, 'ನಂಗೊಂದ್ ಮಾತು ಹೇಳ್ದೆ ಆ ಕಿಂಡೀಗ್ ಹೇಳುದ್ರಲ್ಲ' ಎಂದಳು. ಅದಕ್ಕೆ ನಗು ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವಳಿಗೆ ಎಂಟುನೂರ ಹನ್ನೆರಡು ಅಪರಿಚಿತರ ನಂತರ ಹೇಳುವ ಹಾಗಾಯಿತೆಂದು ನನಗೆ ನಾಚಿಕೆಯಾಯಿತು, ಈ ಕ್ಷಣಕ್ಕೂ ಇದೆ. ತಮ್ಮ ಪುಟ ಉರುಳಿಸಿ ಒಪ್ಪಿದ್ದೂ, ಅವಳ ಮಾತಿಗೆ ತಲೆ ಆಡಿಸಿದ್ದೂ ಎರಡೂ ನಾನೇ. ಆದರೆ ಅವಳು ನನ್ನ ಹೂಂ ಅನ್ನು ಯಾರಿಗೂ ಹಂಚಲಿಲ್ಲ, ಮಾನ್ಯರೇ.

ಆದ್ದರಿಂದ ನನ್ನ ಬೇಡಿಕೆಗಳು ಬಹಳ ಸಣ್ಣವು. ತಮ್ಮ ಅಷ್ಟೂ ಪಾಲುದಾರರು ಖುದ್ದಾಗಿ ಅಜ್ಜಂಪುರಕ್ಕೆ ಬಂದು, ನನ್ನ ಎಡಗಿವಿಯ ಮೇಲಿನ ಹಕ್ಕು ಬಿಟ್ಟುಕೊಟ್ಟೆವೆಂದು, ನಾನು ತರೀಕೆರೆಯಿಂದ ಕರೆಸುವ ತಿಪ್ಪೇಶನ ಮುಂದೆ ರುಜು ಹಾಕಬೇಕು. ಬರುವಾಗ ದಯವಿಟ್ಟು ಖಾಸಗಿ ಬಸ್ಸಿನಲ್ಲೇ ಬರಲಿ, ದಾರಿಯಲ್ಲಿ ಅವರ ಮನೆ ವಿಚಾರವನ್ನೂ ನಮ್ಮವರು ಕೇಳಿ ತಿಳಿದುಕೊಳ್ಳುತ್ತಾರೆ. ಅಲ್ಲದೆ, ಸಕಲವನ್ನೂ ಕೇಳಿಸಿಕೊಳ್ಳುವ ತಾವು ಈ ಎರಡು ವರ್ಷದಲ್ಲಿ ಹಾಲಮ್ಮ ಹೇಳಿ ನಾನು ಕೇಳಿಸಿಕೊಳ್ಳದೆ ಹೂಂ ಎಂದ ಮಾತುಗಳ ಒಂದು ಪ್ರತಿಯನ್ನು ನನಗೆ ಒದಗಿಸಬೇಕು. ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗುತ್ತೇನೆಂದು ಹನ್ನೊಂದು ಸಲ ಒಪ್ಪಿದ್ದೇನಂತೆ, ನಿಜವೋ ಸುಳ್ಳೋ ತಮ್ಮ ದಾಖಲೆಯಲ್ಲಿ ನೋಡಿ ಹೇಳಿ. ಇಷ್ಟು ಆಗದಿದ್ದರೆ ಪಾಲುದಾರರ ಪಟ್ಟಿಯಲ್ಲಿ ಒಂದು ತಿದ್ದುಪಡಿಯನ್ನಾದರೂ ಮಾಡಿಕೊಡಿ. ಮೊದಲನೆಯ ಹೆಸರು ಹಾಲಮ್ಮನದಿರಲಿ. ನನಗೆ ಸಂಬಂಧಪಟ್ಟ ಏನನ್ನೇ ಆಗಲಿ ಮೊದಲು ಅವಳಿಗೆ ತಿಳಿಸಿ, ಅವಳು ಹೂಂ ಎಂದರೆ ಮಾತ್ರ ಮಿಕ್ಕವರಿಗೆ.

ತಮ್ಮ ವಿಶ್ವಾಸಿ
(ವಿಶ್ವಾಸ ಸದ್ಯ ರಿಪೇರಿಯಲ್ಲಿದೆ),
ಕಿವಿ ಕೆಂಪರಾಜು
ಸ್ಟೇಷನ್ ರಸ್ತೆ, ಅಜ್ಜಂಪುರ

ಮರೆತ ಮಾತು: ಹಾಲಮ್ಮನ ಜೊತೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ಬಾಗಿಲು ಕೆಟ್ಟಿದೆ, ಒಳಮನೆ ಗಟ್ಟಿಯಾಗಿದೆ, ಮೂಳೆಯ ದಾರಿಯಲ್ಲಿ ಮೋಟಾರು ಕೇಳಿಸುತ್ತಿದ್ದದ್ದು ಅದಕ್ಕೇ ಎಂದರು ಡಾಕ್ಟರು. ಮಿಷನ್ ಹಾಕಿಸಿಕೊಂಡಾಯಿತು, ಎಲ್ಲರಿಗೂ ಕಾಣುವಂಥದ್ದೇ. ಈಗ ಹಾಲಮ್ಮ ಅಡುಗೆಮನೆಯಿಂದ ಗೊಣಗಿದರೂ ಕೇಳಿಸುತ್ತದೆ. ಆದರೆ ತಮ್ಮ ಬೋಳುತಲೆಯ ಅಜ್ಜ ಇನ್ನೂ ದಿನಾ ಬರುತ್ತಿದ್ದಾನೆ. ಬೇಡ ಎಂಬ ಗುಂಡಿಯನ್ನು ನಲವತ್ತು ಸಲ ಒತ್ತಿದ್ದೇನೆ. ತಾವು ಪ್ರತಿ ಸಲವೂ ಹೂಂ, ಆಯ್ತು ಎನ್ನುತ್ತೀರಿ, ಮಾರನೆಯ ದಿನ ಅವನು ಮತ್ತೆ ಹಾಜರು. ಈ ಲಕ್ಷಣ ನನಗೆ ಚೆನ್ನಾಗಿ ಗೊತ್ತು, ಮಾನ್ಯರೇ. ಮುಚ್ಚಿಡಬೇಡಿ. ಒಮ್ಮೆ ಅಂಗಡಿಯ ಕಡೆ ಬನ್ನಿ, ಸ್ಕ್ರೂಡ್ರೈವರ್ ಇಟ್ಟು ನೋಡುತ್ತೇನೆ, ನಾನಂತೂ ಯಾರಿಗೂ ಹೇಳುವುದಿಲ್ಲ.